ಷರಾ

ಇಂಡಿ ತಾಲೂಕಿನ ಪಟ್ಟಿಯಲ್ಲಿ ಹನ್ನೊಂದನೆಯದು:
ನಾರುಹುಣ್ಣು ನಿರ್ಮೂಲನ ಉಪಘಟಕ.
ಹಳೇ ದನದ ದವಾಖಾನೆಯ ಹಿಂದೆ ಒಂದೂವರೆ ಕೋಣೆ.
ಬೋರ್ಡಿನಲ್ಲಿ ಹುಣ್ಣು ಮಾಸಿತ್ತು,
ನಿರ್ಮೂಲನ ಉಳಿದಿತ್ತು.

ನನ್ನ ಕೈಯಲ್ಲಿ ಐದು ವರ್ಷಕ್ಕೊಮ್ಮೆ ಹೊರಡುವ ನಮೂನೆ,
ಹದಿನೇಳು ಪ್ರಶ್ನೆ, ಮೂರು ಚೌಕ:
ಮುಂದುವರಿಕೆ, ವಿಲೀನ, ರದ್ದು.
ಕೊನೆಗೆ ಎರಡು ಬೆರಳಗಲ ಷರಾ.

ಲಾಡ್ಲೇಸಾಬ ನದಾಫ ಕುರ್ಚಿ ಒರೆಸಿ ಕೊಟ್ಟ.
ಕಚೇರಿಯ ಉದ್ದೇಶ?
"ಹುಳಾರೀ."
ಈಗ ಎಷ್ಟಿವೆ?
"ಒಂದೂ ಇಲ್ರಿ."
ಯಾವಾಗಿನಿಂದ?
"ನಮ್ಮ ಹುಡುಗಿ ಮೊಲಿ ಬಿಟ್ಟ ವರ್ಷದಿಂದ.
ಈಗ ಆಕಿ ಮಗಳು ಸಾಲಿಗಿ ಹೊಂಟಾಳ."

ರಿಜಿಸ್ಟರ್ ತೆರೆದ. ತಿಂಗಳಿಗೊಂದು ಸಾಲು:
ಬಾವಿಯ ಹೆಸರು, ಇಳಿದ ಮೆಟ್ಟಿಲು, ರೋಗಿಗಳು.
ಮೊದಲ ಪುಟಗಳಲ್ಲಿ ಅಂಕಿಗಳ ನೂಕುನುಗ್ಗಲು,
ನಲವತ್ತೆರಡು, ಮೂವತ್ತೇಳು, ಒಂದು ಕಡೆ ಚೆಲ್ಲಿದ ಮಸಿ.
ಆಮೇಲೆ ಒಂಬತ್ತು. ಆಮೇಲೆ ಒಂದು.
ಆಮೇಲೆ ಸೊನ್ನೆ.
ಮೊದಲ ಸೊನ್ನೆ ಅಂಜುತ್ತ ಬರೆದದ್ದು,
ಬಾಯಿ ಪೂರಾ ಕೂಡಿರಲಿಲ್ಲ.
ಈಚಿನವು ಕೈಯಲ್ಲಿ ಬಡಿದ ಜೋಳದ ರೊಟ್ಟಿಯ ಹಾಗೆ.
"ಎಲ್ಲಾ ಬಾವಿ ಇಳದ ನೋಡೇ ಬರದದ್ದರಿ,"
ಎಂದ, ಹೂಳಿ ಹೋದ ಬಾವಿಗೂ ಸೇರಿಸಿ.

ಚಹಾ ತಂದವಳು ನೀಲಾಬಾಯಿ ಹಡಪದ,
ಕಸ ಗುಡಿಸುತ್ತಾಳೆ, ದಿನಗೂಲಿ.
"ಆ ಒಂದು ಅಂತ ಅದಲ್ರೀ, ಅದು ನಾನಽ."
ಸೀರೆಯಂಚು ಗೇಣಷ್ಟು ಎತ್ತಿದಳು,
ಮೀನಖಂಡದ ಮೇಲೆ ನಾಲ್ಕಾಣೆಯಗಲ ಹೊಳೆವ ಕಲೆ.
ಇಪ್ಪತ್ತೊಂದು ದಿನ, ದಿನಕ್ಕೊಂದು ಬೆರಳು,
ಬೆಂಕಿಕಡ್ಡಿಗೆ ಸುತ್ತಿ ಸುತ್ತಿ
ಹರಿಯದ ಹಾಗೆ ಎಳೆದವನು ಈತನೇ.
ಕಿಟಕಿಯಲ್ಲಿ ಸೀಸೆ, ಸೀಸೆಯಲ್ಲಿ ಆ ಕಡ್ಡಿ.
ಹೊಲಿಗೆಯ ದಾರ ಅಂದರೂ ನಂಬಬಹುದು.

ರದ್ದು ಚೌಕದ ಮೇಲೆ ಪೆನ್ನಿಟ್ಟೆ.
"ಮಾಡ್ರಿ ಸಾಹೇಬ್ರ, ಅದಕ್ಕಽ ಅಲ್ಲೇನು ನಾವು ಕುಂತದ್ದು.
ಆದ್ರ ಅನಗತ್ಯ ಅಂತ ಬರೀಬ್ಯಾಡ್ರಿ.
ಮುಗೀತು ಅಂತ ಬರೀರಿ."

ಹಿಂದಿನ ಹತ್ತು ಕಚೇರಿಗಳಲ್ಲಿ
ಫೈಲಿನ ಗುಡ್ಡ ತೋರಿಸಿದ್ದರು,
ಕೆಲಸ ಬೆಳೀತಿದೆ, ಇನ್ನೂ ನಾಲ್ಕು ಹುದ್ದೆ ಕೊಡಿ ಅಂದಿದ್ದರು.
ಯಾರೂ ಸೊನ್ನೆ ತೋರಿಸಿರಲಿಲ್ಲ.

ಷರಾದಲ್ಲಿ ಬರೆದೆ. ಆ ಜಾಗಕ್ಕೆ ಒಂದೇ ಪದ ಹಿಡಿಯಿತು.
ಮೇಲಿನವರ ತಖ್ತೆಯಲ್ಲಿ ಷರಾ ಕಾಲಮ್ಮೇ ಇಲ್ಲ,
ಅದು ನನಗೂ ಗೊತ್ತು.
ಮೇಜು ಒಂದು, ಕುರ್ಚಿ ಎರಡು,
ಬಾವಿಗಿಳಿವ ಹಗ್ಗ ನಲವತ್ತು ಮೊಳ, ತಾಲೂಕು ಆಫೀಸಿಗೆ.
ಲಾಡ್ಲೇಸಾಬ, ಮಲೇರಿಯಾ ಶಾಖೆಗೆ.
ನೀಲಾಬಾಯಿ ಯಾವ ಪಟ್ಟಿಯಲ್ಲೂ ಇರಲಿಲ್ಲ,
ಹೀಗಾಗಿ ತೆಗೆಯಲೂ ಬರಲಿಲ್ಲ.
ನಾಳೆ ಬರಲೋ ಬೇಡವೋ ಎಂದು ಕೇಳಿದಳು.
ಸೀಸೆ ಬೇಕೆಂದು ಯಾರೂ ಸಹಿ ಹಾಕಲಿಲ್ಲ.

ವಿಜಯಪುರದ ಬಸ್ಸು ತಡವಿತ್ತು.
ನಿಲ್ದಾಣದ ನಳಕ್ಕೆ ಬೊಗಸೆಯೊಡ್ಡಿ
ಗಟಗಟ ಕುಡಿದೆ, ಮೋರೆಗೂ ಒಂದಿಷ್ಟು ಎರಚಿಕೊಂಡೆ.
ಬಾಯಿ ಒರೆಸಿಕೊಂಡ ಮೇಲೆ ಹೊಳೆಯಿತು,
ನೀರನ್ನು ನಾನು
ನೋಡಿಯೇ ಇರಲಿಲ್ಲ.