ವಾರಸುದಾರರು ಬಂದರೆ

ಅರಸೀಕೆರೆಯಲ್ಲಿ ಆಗ ಗಾಡಿ ಬದಲಿಸಬೇಕಿತ್ತು.
ಇಳಿಯುವ ಗಡಿಬಿಡಿಯಲ್ಲಿ ಜನ ಮರೆತು ಹೋಗುತ್ತಿದ್ದರು
ಕೊಡೆ, ಹಿತ್ತಾಳೆ ಚೊಂಬು, ಒಂದು ಸಲ ಹಾರ್ಮೋನಿಯಂ,
ಮತ್ತೆ ಅರ್ಧ ಓದಿದ ಪುಸ್ತಕ.

ಚೊಂಬಿಗೆ ಮೂರು ತಿಂಗಳಿಗೆ ಹರಾಜು.
ಪುಸ್ತಕಕ್ಕೆ ಕೂಗುವವರಿಲ್ಲ.
ಪಾರ್ಸಲ್ ಗುಮಾಸ್ತ ಸವರಿನಾಥನ್,
ಕನ್ನಡ ಮಾತಾಡಬಲ್ಲ, ಓದಲಾರ,
ಸೋಪಿನ ಖಾಲಿ ಪೆಟ್ಟಿಗೆಯಲ್ಲಿ ಅವನ್ನು ನಿಲ್ಲಿಸಿಟ್ಟ.
ತಲೆ ಯಾವ ಕಡೆ ಎಂದು ಹಮಾಲಿ ಕೆಂಚಪ್ಪನನ್ನು ಕೇಳಿದನಂತೆ.
ಕೆಂಚಪ್ಪನಿಗೂ ಗೊತ್ತಿರಲಿಲ್ಲ.
ಹಾಗಾಗಿ ಈ ಊರಿನ ಮೊದಲ ಸಾಲಿನಲ್ಲಿ
ನಾಲ್ಕು ಪುಸ್ತಕ ಬಹಳ ದಿನ
ತಲೆಕೆಳಗಾಗಿ ನಿಂತಿದ್ದವು.

ನಾನೇನೂ ಕಂಡವಳಲ್ಲ ಇದನ್ನೆಲ್ಲ.
ದಿನಗೂಲಿಗೆ ಸೇರಿದವಳು, ಗುಡಿಸಿ ಒರೆಸಲು.
ಕಪಾಟಿನಡಿ ಪೊರಕೆಗೆ ತಗುಲಿತು ಮೊದಲ ದಾಖಲೆ ಪುಸ್ತಕ.
ರೈಲ್ವೆಯದೇ ಹಾಳೆ. ಅವನು ಇಂಗ್ಲಿಷಿನಲ್ಲಿ ಬರೆದದ್ದನ್ನು
ಕೆಳಗೆ ಯಾರೋ ಪೆನ್ಸಿಲಿನಲ್ಲಿ ಕನ್ನಡ ಮಾಡಿದ್ದಾರೆ:

ನಂಬರ್ ಹದಿನೇಳು. ಪುಸ್ತಕ. ಒಂದು ಪೌಂಡು ಚಿಲ್ಲರೆ.
ದೊರೆತದ್ದು ಹುಬ್ಬಳ್ಳಿ ಪ್ಯಾಸೆಂಜರ್,
ಮೂರನೇ ದರ್ಜೆ, ಕಿಟಕಿ ಪಕ್ಕ.
ಗುರುತು: ನೂರಾ ಹನ್ನೆರಡನೇ ಪುಟದ ಮೂಲೆ ಮಡಚಿದೆ.
ಷರಾ: ವಾರಸುದಾರರು ಬಂದರೆ ಕೊಡತಕ್ಕದ್ದು.

ಪುಟಪುಟದ ಅಡಿಯಲ್ಲೂ ಅದೇ ಷರಾ.

ಪೆಟ್ಟಿಗೆ ನಾಲ್ಕಾಗಿ, ಹನ್ನೊಂದಾಗಿ,
ಸ್ಟೇಷನ್ ಮಾಸ್ತರರಿಗೆ ಕಾಲಿಡಲು ಜಾಗವಿಲ್ಲವಾಗಿ,
ಕೊಬ್ಬರಿ ಮಂಡಿಯ ಗುರುಶಾಂತಪ್ಪ ತಮ್ಮ ಅಟ್ಟ ಬಿಟ್ಟುಕೊಟ್ಟರು.
ಕೆಳಗೆ ತಕ್ಕಡಿ, ಮೇಲೆ ಓದು.
ಕೊಬ್ಬರಿ ಮುಟ್ಟಿದ ಬೆರಳಲ್ಲೇ ಪುಟ ತಿರುವಿ ತಿರುವಿ
ಹಾಳೆ ಎಣ್ಣೆ ಕುಡಿದು ತೆಳ್ಳಗಾಯಿತು.
ಈ ಪುಟ ಓದುವಾಗ ಅದರ ಬೆನ್ನಿನ ಪುಟವೂ
ಮಸುಕಾಗಿ, ಹಿಂದುಮುಂದಾಗಿ ಕಾಣುತ್ತಿತ್ತು.
ಮುಂದೇನಾಗುತ್ತದೆ ಎಂದು
ನಮ್ಮೂರಿಗೆ ಸ್ವಲ್ಪ ಮೊದಲೇ ಗೊತ್ತಾಗುತ್ತಿದ್ದದ್ದು ಹೀಗೆ.

ಹೆಂಗಸರು ಅಟ್ಟ ಹತ್ತುತ್ತಿರಲಿಲ್ಲ.
ದರ್ಜಿ ದಸ್ತಗೀರ್ ಸಾಬರ ಕಾರ್ಡಿನಲ್ಲಿ ವಾರಕ್ಕೆ ಮೂರು ಕಾದಂಬರಿ.
ಅಳತೆ ಟೇಪಿನ ಅಂಕಿ ಬಿಟ್ಟರೆ ಅವರಿಗೆ ಓದು ಬಾರದು.
ಯಾರೂ ಕೇಳಲಿಲ್ಲ.
ವಾಪಸು ಬಂದ ಪುಸ್ತಕದೊಳಗೆ ಒಮ್ಮೊಮ್ಮೆ
ಕೆಂಪು ದಾರದ ತುಂಡು.

ಎಪ್ಪತ್ತೊಂದರ ಆಷಾಢದಲ್ಲಿ ಒಬ್ಬರು ಹತ್ತಿ ಬಂದರಂತೆ.
ನಡುವಯಸ್ಸು, ಕೈಯಲ್ಲಿ ದಾವಣಗೆರೆ ಟಿಕೆಟ್ಟು.
ಮದುವೆಯಾದ ಹೊಸದರಲ್ಲಿ ಇಲ್ಲಿ ಗಾಡಿ ಬದಲಿಸಿದ್ದೆ,
ಒಂದು ಪುಸ್ತಕ ಕಿಟಕಿ ಹತ್ತಿರ ಇತ್ತು, ಎಂದರು.
ಅದು ಓದಲು ಹೋಗಿತ್ತು, ಹಾಸನ ರಸ್ತೆಯ ಯಾರದೋ ಮನೆಗೆ.
ಹುಡುಗನೊಬ್ಬ ಸೈಕಲ್ಲಿನಲ್ಲಿ ಹೋಗಿ ತಂದ.
ನೂರಾ ಹನ್ನೆರಡರ ಮಡಿಕೆಯನ್ನು ಯಾರೋ ಬಿಡಿಸಿದ್ದರು,
ಗೆರೆ ಉಳಿದಿತ್ತು.
ಅಲ್ಲಿಂದ ಶುರುಮಾಡಿದರು.
ಎರಡು ಗಾಡಿ ಹೋದವು.

ಷರಾ: ವಾರಸುದಾರರು ಬಂದರು. ಓದಿದರು.
ಪುಸ್ತಕ ಇಲ್ಲಿಯೇ ಇರಲಿ ಎಂದರು.
ಅದರ ಕೆಳಗೆ ಇನ್ನೊಂದು ಕೈಬರಹ, ಸಣ್ಣದು:
ಕೊನೆ ಹಿಡಿಸಲಿಲ್ಲವಂತೆ.

ಆಮೇಲೆ ಸರ್ಕಾರ ಬಂತು, ಬೋರ್ಡು ಬಂತು,
ಮನೆ ಕಂದಾಯದಲ್ಲಿ ಗ್ರಂಥಾಲಯದ ಪಾಲು ತಡವಾಗಿ ಬಂತು,
ಆರ್‌ಸಿಸಿ ಕಟ್ಟಡ, ಸೋರುವ ಆರ್‌ಸಿಸಿ.
ಈಗ ಹುಡುಗ ಹುಡುಗಿಯರು ಬೆಳಿಗ್ಗೆ ಎಂಟಕ್ಕೇ ಸಾಲು,
ಪಿಡಿಒ ಪರೀಕ್ಷೆಗೆ, ಪೊಲೀಸ್ ಪರೀಕ್ಷೆಗೆ,
ಪುಸ್ತಕ ಅವರದೇ; ನಮ್ಮದು ಕುರ್ಚಿ, ಫ್ಯಾನು.

ಹೋದ ವರ್ಷ ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಿದರು.
ಟೈಪು ಮಾಡುವ ಹುಡುಗಿ, ಚೂಟಿ, ಹೇಳಿದಳು:
"ದೊರೆತ ಸ್ಥಳ ಅಂತ ಇದರಲ್ಲಿ ಜಾಗವೇ ಇಲ್ಲ, ಅಕ್ಕ."
ಹಳೆಯ ದಾಖಲೆ ರದ್ದಿ ಪಟ್ಟಿಗೆ ಹೋಯಿತು.
ಕೆಜಿಗೆ ಹದಿನಾಲ್ಕು ರೂಪಾಯಿ.

ಇಪ್ಪತ್ತೇಳು ವರ್ಷದಲ್ಲಿ ಒಂದು ಗುಂಡುಸೂಜಿ ಮನೆಗೆ ಒಯ್ದವಳಲ್ಲ.
ಅವತ್ತು ಊಟದ ಡಬ್ಬಿಯಡಿ ಇಟ್ಟು ತಂದೆ.
ಅಕ್ಕಿ ಡ್ರಮ್ಮಿನ ಮೇಲಿದೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ.
ಕೇಳಿಕೊಂಡು ಬಂದರೆ ಕೊಡುತ್ತೇನೆ.

ಎಷ್ಟು ಹುಡುಕಿದರೂ ಅದರಲ್ಲಿ ಬರೆದಿಲ್ಲ,
ಆ ಹಾರ್ಮೋನಿಯಂ ಏನಾಯಿತೆಂದು.