ಬತ್ತಿ ಇಳಿಸುವುದು

ಡರ್ಹಮ್, ಫೆಬ್ರವರಿ. ಮೂರನೇ ಮಹಡಿಯ ಹೀಟರ್
ಕೆಟ್ಟು ಎರಡು ವಾರ. ಕೋಟು ಬಿಚ್ಚದೆ ಕೂತಿದ್ದೇನೆ
ಒಂದು ಕ್ವೇಸಾರ್ ಎದುರಿಗೆ.

ಪರದೆಯ ಮೇಲೆ ಅದೊಂದು ಬಿಳಿ ಚುಕ್ಕೆ, ಅಷ್ಟೆ.
ನಾಲ್ಕು ಮುಳ್ಳು ಚಾಚಿ ನಿಂತಿದೆ. ಮುಳ್ಳು ಅದರದ್ದಲ್ಲ,
ಬಾಹ್ಯಾಕಾಶದಲ್ಲಿ ತೇಲುವ ನಮ್ಮ ದೂರದರ್ಶಕದ್ದು:
ಕನ್ನಡಿ ಹಿಡಿದ ಸಲಾಕೆಗಳು
ಬೆಳಕಿನ ಮೇಲೆ ಎಳೆದ ಗೀರು.
ನೂರು ಗೆಲಾಕ್ಸಿಗಳ ಸೊಕ್ಕು
ಒಂದು ಮೂಗುತಿಯಷ್ಟು ಜಾಗದಲ್ಲಿ.

ನನಗೆ ಬೇಕಾದ್ದು ಅದಲ್ಲ. ಅದರ ಸುತ್ತಲಿನ ಅನಿಲ.
ಇದೆಯೋ ಇಲ್ಲವೋ, ಇದ್ದರೆ ಎಲ್ಲಿಯವರೆಗೆ.
ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ,
ಇಲ್ಲಿ ಬುಡದಲ್ಲಿರುವುದೂ ಬೆಳಕೇ,
ಬಡ ಬೆಳಕು.
ದೊಡ್ಡದರ ಬಾಯೊಳಗೆ ಸಿಕ್ಕಿಕೊಂಡಿದೆ.

ಅಜ್ಜ ವಿಲ್ಫ್ರೆಡ್ ರೇನ್ ಕಲ್ಲಿದ್ದಲ ಗಣಿಯಲ್ಲಿ ಡೆಪ್ಯುಟಿ.
ಪಾಳಿಯವರು ಇಳಿಯುವ ಮೊದಲೇ ಇಳಿದು
ಒಬ್ಬನೇ ಸುರಂಗದ ತುದಿಗೆ ಹೋಗಿ
ಅನಿಲ ನೋಡಿ ಬರುವುದು ಅವನ ಕೆಲಸ.
ನೋಡಿ ಬರುವುದು. ಮೂಸುವುದಕ್ಕೆ
ವಾಸನೆಯೇ ಇಲ್ಲ ಅದಕ್ಕೆ.

ನನಗೆ ಎಂಟು ವರ್ಷವಿದ್ದಾಗ
ಹಿತ್ತಾಳೆಯ ಲಾಂದ್ರವನ್ನು ಅಡುಗೆಮನೆ ಮೇಜಿನ ಮೇಲಿಟ್ಟು
ತೋರಿಸಿದ್ದ: "ಉರಿ ದೊಡ್ಡದಿದ್ದರೆ ಏನೂ ಕಾಣಲ್ಲ, ಹೆಸ್ಟರ್.
ಬತ್ತಿ ಇಳಿಸು. ಇನ್ನೂ.
ಆರಿಹೋಯ್ತು ಅನ್ನೋ ಹೊತ್ತಿಗೆ ನಿಲ್ಲಿಸು.
ಈಗ ಅದರ ನೆತ್ತಿ ನೋಡು."
ಏನೂ ಇರಲಿಲ್ಲ. ಅಡುಗೆಮನೆಯಲ್ಲಿ ಎಲ್ಲಿಂದ ಬರಬೇಕು?
"ಗಣಿಯಲ್ಲಾದರೆ ಒಂದು ನೀಲಿ ಟೋಪಿ ಇರುತ್ತೆ,
ಹೌದೋ ಅಲ್ಲವೋ ಅನ್ನುವಷ್ಟು ತೆಳು.
ಬಾರ್ಲಿ ಕಾಳಿನಷ್ಟಿದ್ದರೆ ಕೆಲಸ ಮಾಡಬಹುದು.
ಬೆರಳುಗುರಿನಷ್ಟಾದರೆ ಎಲ್ಲರನ್ನೂ ಕರಕೊಂಡು ಬಾ.
ಓಡಬೇಡ. ನೀನು ಓಡಿದರೆ ಅವರೂ ಓಡ್ತಾರೆ."

ಕ್ವೇಸಾರಿಗೆ ಬತ್ತಿ ಇಲ್ಲ.
ಅದಕ್ಕೇ, ಅದೇ ಕನ್ನಡಿ ಅದೇ ಸಲಾಕೆಯಲ್ಲಿ
ಪಕ್ಕದ ಒಂದು ಸಾದಾ ನಕ್ಷತ್ರದ ಚಿತ್ರ ಹಿಡಿದು
(ಹೆಸರಿಲ್ಲ ಅದಕ್ಕೆ, ಬರೀ ಅಂಕಿ)
ಚುಕ್ಕೆಯ ಮೇಲೆ ಚುಕ್ಕೆ, ಮುಳ್ಳಿಗೆ ಮುಳ್ಳು
ಕೂಡಿಸಿ, ಕಳೆಯುತ್ತೇನೆ.
ಕಡಿಮೆ ಕಳೆದರೆ ಬೆಂಕಿಯೇ ಉಳಿಯುತ್ತದೆ.
ಹೆಚ್ಚು ಕಳೆದರೆ ನಡುವೆ ಒಂದು ತೂತು,
ಸೊನ್ನೆಗಿಂತಲೂ ಕೆಳಗೆ, ಸಾಲದ ಹಾಗೆ.
ನೂರಕ್ಕೆ ತೊಂಬತ್ತೊಂದು ಪಾಲು. ತೊಂಬತ್ಮೂರು.

ತೊಂಬತ್ನಾಲ್ಕಕ್ಕೆ ಬಂತು.
ಎಡಗಡೆ, ಮೇಲೆ, ಒಂದು ಮಸುಕು,
ಗಾಜಿಗೆ ಉಸಿರು ತಾಗಿದ ಹಾಗೆ.
ಬಲಗಡೆ ಏನೂ ಇಲ್ಲ.

ಆಮ್ಲಜನಕ. ಎರಡು ಎಲೆಕ್ಟ್ರಾನ್ ಕಳಕೊಂಡ
ಆಮ್ಲಜನಕದ ಹಸಿರು.
ನಮ್ಮ ಗಾಳಿಯಲ್ಲಿ ಈ ಬಣ್ಣ ಹುಟ್ಟುವುದಿಲ್ಲ.
ಇಲ್ಲಿ ಸಂತೆ, ನೂಕುನುಗ್ಗಲು, ಯಾರಿಗೂ ಪುರುಸೊತ್ತಿಲ್ಲ.
ಅರೆ ನಿಮಿಷಕ್ಕೂ ಮಿಕ್ಕಿ
ಯಾರ ಮೈಗೂ ಮೈ ತಾಗದೆ
ಒಂಟಿ ಕೂತ ಪರಮಾಣು ಮಾತ್ರ
ಹೀಗೆ ಹಸಿರಾಗಿ ನಿಟ್ಟುಸಿರು ಬಿಡಬಲ್ಲದು.

ಅಜ್ಜನ ಕೊನೆಯ ಎರಡು ಚಳಿಗಾಲ
ಸೋಫಾದ ಪಕ್ಕ ಸಿಲಿಂಡರ್, ಮೂಗಿಗೆ ಕೊಳವೆ.
"ನೀನು ಹುಡುಕೋದು ಇದನ್ನೇನಾ?"
ಸಿಲಿಂಡರ್ ತಟ್ಟಿ ಕೇಳಿದ್ದ.
ಇದನ್ನೇ, ಅಂದೆ. ಸ್ವಲ್ಪ ತೆಳು.
"ಎಷ್ಟು ದೂರ?"
ಆ ಬೆಳಕು ಹೊರಟಾಗ ನಿನ್ನ ಕಲ್ಲಿದ್ದಲು
ಇನ್ನೂ ಮರವಾಗಿಯೂ ಹುಟ್ಟಿರಲಿಲ್ಲ, ಅಂದೆ.
ಕೆಮ್ಮಿದ. ಕೆಮ್ಮು ನಿಂತ ಮೇಲೂ ಸುಮ್ಮನಿದ್ದ. ಆಮೇಲೆ,
"ಒಳಗೆ ಯಾರಾದರೂ ಇದ್ದಾರಾ?"
ಗೊತ್ತಿಲ್ಲ.
"ಹಾಗಾದರೆ ಸರಿಯಾಗಿ ನೋಡು."

ಮಸುಕು ನಿಜವೋ, ನನ್ನ ಕಳೆಯುವಿಕೆಯ ತಪ್ಪೋ.
ಪಕ್ಕದ ಕೋಣೆಯ ಮಾರ್ಯಾಮ್ ಬೆಳಿಗ್ಗೆ ಬಂದು
ಸಲಾಕೆಯ ನೆರಳು ಅಂತ ಒಂದೇ ಮಾತಿನಲ್ಲಿ
ಒರೆಸಿ ಹಾಕಬಹುದು. ಹಾಗೆ ಎರಡು ಸಲ ಆಗಿದೆ.
ಇನ್ನೊಂದು ನಕ್ಷತ್ರ ಹಿಡಿದು ಮೊದಲಿಂದ ಕಳೆಯುತ್ತೇನೆ.

ಲಾಂದ್ರ ಈಗ ನನ್ನ ಕಿಟಕಿಯ ಕಟ್ಟೆಯಲ್ಲಿದೆ,
ಮೇಲೆ ಯಾರೋ ಪೆನ್ನಿನ ಮುಚ್ಚಳ ಬಿಟ್ಟುಹೋಗಿದ್ದಾರೆ.
ಕೋಣೆಯ ದೀಪ ಆರಿಸಿ
ಪರದೆಯ ಹೊಳಪು ಇಳಿಸಿದೆ. ಇನ್ನೂ.

ಎಡಗಡೆ, ಮೇಲೆ.
ಬಾರ್ಲಿ ಕಾಳಿನಷ್ಟು.
ಕೆಲಸ ಮಾಡಬಹುದು.