ತಟ್ಟೆ ಕಾಣದಾಗುವ ಜಾಗ

ಕೂತುಕೋ ನಫುಲಾ, ಆ ಬೋರಲು ದೋಣಿಯ ಮೇಲೆ.
ಬಲೆಯ ಮೇಲೆ ಬೇಡ, ಒಮೆನಾ ಮೀನು ಇನ್ನೂ ಒಣಗಿಲ್ಲ,
ಬೋಳುತಲೆಯ ಆ ಕೊಕ್ಕರೆ ಆಗಲೇ ಎರಡು ಸಲ
ಲೆಕ್ಕ ನೋಡಿಕೊಂಡು ಹೋಯಿತು.

ನಿನ್ನ ಕಾಗದದ ಗೆರೆ ನೋಡಿದೆ.
ಆರು ವರ್ಷದ ನಾಮ್ ಅಂಗೈಯಗಲ!
(ಕೆರೆಗೂ ಕಡಲಿಗೂ ನಮ್ಮಲ್ಲಿ ಅದೊಂದೇ ಮಾತು.)
ಗೆರೆ ಏರಿದಲ್ಲಿ ನೀರು ತಿಳಿ, ಇಳಿದಲ್ಲಿ ಬಗ್ಗಡ.
ಒಂದೊಂದು ಚುಕ್ಕಿಯೂ ಒಂದೊಂದು ಗುರುವಾರ,
ನನ್ನ ಸೊಂಟದ ನೋವು ಮಾತ್ರ ಅದರಲ್ಲಿ ಬಿದ್ದಿಲ್ಲ.

ಅದು ಬಣ್ಣದ ಡಬ್ಬಿಯ ಮುಚ್ಚಳ.
ನಾಲ್ಕು ಪಾಲು ಮಾಡಿ ಎರಡಕ್ಕೆ ಬಿಳಿ, ಎರಡಕ್ಕೆ ಕಪ್ಪು
ಬಳಿದವನು ಒದೆಕ್.
ಮುಳುಗಲಿ ಎಂದು ಅಡಿಗೆ ಬೀಸುಕಲ್ಲಿನ ಚೂರು.
ಹಗ್ಗಕ್ಕೆ ಗೇಣಿಗೊಂದು ಗಂಟು.
ಯಾರ ಗೇಣು ಎಂದು ಜಗಳವಾಗಿ
ಎರಡು ದಿನ ಒಲೆ ಹಚ್ಚಲಿಲ್ಲ ಅವನ ಹೆಂಡತಿ.
ಕೊನೆಗೆ ನಿಮ್ಮ ಮೇಷ್ಟ್ರು ಅಳತೆಪಟ್ಟಿ ಹಿಡಿದು
ಎಲ್ಲ ಬಿಚ್ಚಿಸಿ ಮತ್ತೆ ಹಾಕಿಸಿದರು.
ಈಗ ಅದು ಯಾರ ಕೈಯೂ ಅಲ್ಲ.

ಮೀನು ಎಷ್ಟು ಮೊಳ, ಬಲೆ ಎಷ್ಟು ಮಾರು,
ಕಂಡದ್ದನ್ನು ಅಳೆದು ಬದುಕಿದವರು ನಾವು.
ಕಾಣದಾದದ್ದನ್ನು ಅಳೆ ಎಂದಾಗ ನಗು ಬಂತು.
ದೋಣಿಯ ನೆರಳಿನ ಮಗ್ಗುಲಿಗೆ ಬಾಗಿ
ಹಗ್ಗ ಬಿಡುತ್ತಾ ಬಿಡುತ್ತಾ
ಬಿಳಿ ಮೊದಲು ಹಸಿರು, ಆಮೇಲೆ ಚಹಾ,
ಆಮೇಲೆ, ಇದೆ ಎಂದುಕೊಂಡರೆ ಇದೆ.
ಹಾಗೆ ಅಂದುಕೊಳ್ಳುವುದನ್ನು ಬಿಟ್ಟದ್ದು
ಎಷ್ಟನೆಯ ಗಂಟಿನಲ್ಲೋ
ಅದನ್ನು ಫೋನಿನಲ್ಲಿ ಒತ್ತಿ ನಿಮಗೆ ಕಳಿಸುವುದು.

ಎಣಿಸಿದರೆ ನೀರು ತಿಳಿಯಾಗುತ್ತದೇನೇ ಅಪೊಂದಿ?
ಬಲೆ ಹೆಣೆಯುವ ಗಂಡಸರು ಕೇಳಿದರು.
ನನ್ನಲ್ಲಿ ಉತ್ತರ ಇರಲಿಲ್ಲ, ಈಗಲೂ ಇಲ್ಲ.
ಪಂಜರದ ಮೀನೆಲ್ಲ ಹೊಟ್ಟೆ ಮೇಲಾಗಿ ತೇಲಿದ ವರ್ಷ
ಮುನ್ಸೂಚನೆ ಇರಲಿಲ್ಲ ಎಂದರು ಶೂ ತೊಟ್ಟು ಬಂದವರು.
ಒದೆಕ್ ಅವರ ಮುಂದೆ ಹಗ್ಗ ಚೆಲ್ಲಿದ.
ಹನ್ನೊಂದು. ಒಂಬತ್ತು. ಆರು. ನಾಲ್ಕು.
ಅಂದಿನಿಂದ ಗುರುವಾರ ನನಗೆ ದೋಣಿ ಬಾಡಿಗೆ ಇಲ್ಲ.

ಈಗ ಬೆರಳು ಕೊಡು. ಇಲ್ಲಿ, ಈ ಚುಕ್ಕಿ.
ಎರಡನೆಯ ವರ್ಷ, ದೊಡ್ಡ ಮಳೆಯ ತಿಂಗಳು.
ಒಂಬತ್ತು ಎಂದಿದೆ.
ಆ ದಿನ ನಾನು ನೀರಿಗೆ ಇಳಿಯಲಿಲ್ಲ ಮಗಳೇ.
ಜ್ವರ ಅಲ್ಲ, ಸಾವು ಅಲ್ಲ.
ಪಕ್ಕದ ಮನೆಗೆ ತೆರದ ದನ ಬಂದಿದ್ದವು,
ಕುಣಿದೆ, ಕತ್ತಲಾಗುವವರೆಗೂ ಕುಣಿದೆ.
ಹಿಂದಿನ ವಾರ ಒಂಬತ್ತು, ಈ ವಾರ ಇನ್ನೇನಿದ್ದೀತು ಎಂದು
ಅಲ್ಲೇ ನಿಂತು ಒತ್ತಿಬಿಟ್ಟೆ.
ನಾಲ್ಕು ವರ್ಷದಿಂದ ಗಂಟಲಲ್ಲಿ ಸಿಕ್ಕ ಮುಳ್ಳು ಅದು,
ಅನ್ನವೂ ಇಳಿಯುತ್ತದೆ, ಅದೂ ಇರುತ್ತದೆ.
ಅಳಿಸು. ಬೇರೆ ಏನೂ ಹಾಕಬೇಡ.
ಕುಣಿದಳು ಎಂದು ಬೇಕಾದರೆ ಅಂಚಿನಲ್ಲಿ ಬರೆ.

ನಗಬೇಡ, ಇನ್ನೂ ಒಂದಿದೆ.
ಈಚೆಗೆ ಗೆರೆ ಇಳಿಯುತ್ತಿದೆ ಎಂದು ನೀನು ಹೆದರಿದ್ದೀಯ.
ನೀರೇ ಇದ್ದೀತು. ಮೇಲಿನ ಊರಿನ ಮೋರಿ ನಾನೂ ಕಂಡಿದ್ದೇನೆ.
ಆದರೆ ಸೂಜಿಗೆ ದಾರ ಪೋಣಿಸಲು ಈಗ
ಅದೊಂಗೊಳನ್ನು ಕೂಗಬೇಕು ನಾನು.
ತಟ್ಟೆ ಮರೆಯಾಗುವ ಜಾಗ ನೀರಿನಲ್ಲಿದೆಯೋ
ನನ್ನ ಕಣ್ಣಿನಲ್ಲೋ
ಒಬ್ಬಳೇ ಕೂತು ಹೇಗೆ ಹೇಳಲಿ?

ಬರುವ ಗುರುವಾರದಿಂದ ಅವಳೂ ದೋಣಿಗೆ ಬರುತ್ತಾಳೆ.
ಅವಳ ಗಂಟು ನನಗೆ ಹೇಳುವುದಿಲ್ಲ, ನನ್ನದು ಅವಳಿಗೆ.
ಎರಡೂ ನಿನಗೆ.
ಹನ್ನೆರಡರ ಹುಡುಗಿ, ಗೆಲ್ಲುವ ಚಪಲ,
ಕಾಣದಿದ್ದರೂ ಕಂಡಿತು ಅಂದಾಳು,
ಅದನ್ನೂ ನಿನ್ನ ಲೆಕ್ಕಕ್ಕೆ ಹಿಡಿ.

ಏಳು ಏಳು, ಕಲ್ಲು ತಗೋ,
ಕೊಕ್ಕರೆ ಮತ್ತೆ ಬಂತು.